ಗೋಡೆಯೊಳಗಿನ ನಾಲ್ಕು ಅಂಗುಲ

ಮೈಸೂರಿನ ಲಲಿತ ಮಹಲಿಗೆ ಹೋಗದವರೂ ಅದರ ಮೆಟ್ಟಿಲನ್ನು ಎಲ್ಲೋ ನೋಡಿರುತ್ತಾರೆ. ನಾಯಕಿ ಸೆರಗು ಹರವಿಕೊಂಡು ಇಳಿಯಬೇಕಾದರೆ, ಶ್ರೀಮಂತ ಅಪ್ಪ ಮೇಲಿನಿಂದ ಗದರಬೇಕಾದರೆ ನಮ್ಮ ಸಿನಿಮಾದವರಿಗೆ ಬಾಗಿದ ಅಮೃತಶಿಲೆಯ ಮೆಟ್ಟಿಲು ಬೇಕೇ ಬೇಕು. ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯ್ ಮೊದಲಾದ ಐರೋಪ್ಯ ಅತಿಥಿಗಳಿಗೆಂದು ಈ ಅರಮನೆಗೆ ಅಡಿಗಲ್ಲಿಟ್ಟದ್ದು 1921ರಲ್ಲಿ. ಶಿಲ್ಪಿ ಮುಂಬಯಿಯ ಇ. ಡಬ್ಲ್ಯೂ. ಫ್ರಿಚ್ಲಿ, ಅಮೃತಶಿಲೆ ಇಟಲಿಯದು. ಗುಮ್ಮಟಕ್ಕೆ ಮಾದರಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್.

ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಅಪ್ಪನ ಜೊತೆ. ಅಪ್ಪ ಕಲ್ಲು ಕೂರಿಸುವ ಮೇಸ್ತ್ರಿ. ಎಲ್ಲರೂ ಕತ್ತೆತ್ತಿ ಗುಮ್ಮಟ ನೋಡುತ್ತಿದ್ದರೆ ಅವರು ಬಗ್ಗಿ ಎರಡು ಮೆಟ್ಟಿಲುಗಳ ನಡುವಿನ ಸಂದನ್ನು ಉಗುರಿನಿಂದ ಸವರುತ್ತಿದ್ದರು. ನನಗೆ ನಾಚಿಕೆಯಾಗಿತ್ತು. ಈಗ ಕಟ್ಟಡ ಕೆಲಸಗಾರರ ಚರಿತ್ರೆಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮೆಟ್ಟಿಲು ಕಂಡಲ್ಲೆಲ್ಲ ನಾನೂ ಬಗ್ಗುತ್ತೇನೆ.

ಬಾಗಿದ ಮೆಟ್ಟಿಲು ಹೊಸದೇನಲ್ಲ. ಗೋಲಗುಮ್ಮಟದ ಮೂಲೆಗೋಪುರ ಹತ್ತಿದವರಿಗೆ ಸುತ್ತುಮೆಟ್ಟಿಲಿನ ಇಕ್ಕಟ್ಟು ಗೊತ್ತು. ಹಳೆಯ ಕೋಟೆ ಗೋಪುರಗಳಲ್ಲಿ ಸಾಮಾನ್ಯವಾಗಿ ನಡುವೆ ಒಂದು ಕಂಬವಿದ್ದು ಮೆಟ್ಟಿಲುಗಳು ಅದನ್ನೇ ನಂಬಿರುತ್ತಿದ್ದವು. ಆ ಕಂಬವನ್ನು ತೆಗೆದುಬಿಟ್ಟರೆ? ನಡುವೆ ಬೆಳಕಿನ ಬಾವಿಯೊಂದು ಬಿಟ್ಟು, ಮೆಟ್ಟಿಲುಗಳನ್ನು ಗೋಡೆಗಷ್ಟೇ ನೆಟ್ಟು ಮೇಲೇರಿಸಿದರೆ? ಇಟಲಿಯ ಪಲ್ಲಾಡಿಯೊ ವೆನಿಸ್‌ನ ಕಾರಿತಾ ಮಠದಲ್ಲಿ ಹೀಗೆ ನಡು ಬರಿದಾದ ಅಂಡಾಕಾರದ ಮೆಟ್ಟಿಲು ಕಟ್ಟಿಸಿ, 1570ರ ತನ್ನ ಗ್ರಂಥದಲ್ಲಿ ಅದನ್ನು ವಿವರಿಸಿದ. ಆ ಗ್ರಂಥವನ್ನು ಅರೆದು ಕುಡಿದವನು ಇಂಗ್ಲೆಂಡಿನ ಇನಿಗೋ ಜೋನ್ಸ್.

ಜೋನ್ಸ್ ಗ್ರೀನಿಚ್‌ನಲ್ಲಿ ರಾಣಿಗಾಗಿ ಒಂದು ವಿಹಾರದ ಮನೆಯನ್ನು 1616ರಲ್ಲಿ ಶುರುಮಾಡಿದ. ಯಾರಿಗಾಗಿ ಶುರುವಾಯಿತೋ ಆ ರಾಣಿ ಆ್ಯನ್ 1619ರಲ್ಲಿ ತೀರಿಕೊಂಡಳು, ಕೆಲಸ ನಿಂತಿತು. ವರ್ಷಗಳ ನಂತರ ಮುಂದಿನ ರಾಣಿ ಹೆನ್ರಿಯೆಟಾ ಮರಿಯಾಳಿಗಾಗಿ ಮತ್ತೆ ಶುರುವಾಗಿ 1635ರ ಹೊತ್ತಿಗೆ ಒಂದು ಹಂತಕ್ಕೆ ಬಂತು. ಅಲ್ಲಿನ ದೊಡ್ಡ ಹಜಾರಕ್ಕೆ ಕಪ್ಪುಬಿಳುಪು ಅಮೃತಶಿಲೆಯ ನೆಲ, ಅದರ ಪಕ್ಕದಲ್ಲೇ ಟ್ಯೂಲಿಪ್ ಮೆಟ್ಟಿಲು. ಕಂಬಿಗಳ ಮೇಲಿನ ಹೂ ನಿಜಕ್ಕೂ ಟ್ಯೂಲಿಪ್ಪೋ ಫ್ರೆಂಚ್ ರಾಜಮನೆತನದ ಲಿಲ್ಲಿಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. 1966ರಲ್ಲಿ ಪ್ರವಾಸಿಯೊಬ್ಬರು ತೆಗೆದ ಫೋಟೋದಲ್ಲಿ ದೆವ್ವ ಕಾಣಿಸಿತೆಂದು ಈ ಮೆಟ್ಟಿಲಿಗೆ ಇನ್ನಷ್ಟು ಖ್ಯಾತಿ ಬಂತು. ನನ್ನ ಮಟ್ಟಿಗೆ ದೆವ್ವಕ್ಕಿಂತ ದೊಡ್ಡ ಸೋಜಿಗ, ಅದು ಬೀಳದೆ ನಿಂತಿರುವುದು.

ಕಟ್ಟಿದವನು ನಿಕೊಲಸ್ ಸ್ಟೋನ್. ಅಡ್ಡಹೆಸರೇ ಕಲ್ಲು! ಡೆವನ್ ಸೀಮೆಯ ಕಲ್ಲುಗಣಿ ಕೆಲಸಗಾರನ ಮಗ. ಅವನು ಬರೆದಿಟ್ಟ ಲೆಕ್ಕದ ಪುಸ್ತಕಗಳು ಇಂದಿಗೂ ಉಳಿದಿವೆ. ಅವನಿಗೆ ಲೆಕ್ಕ ಬರೆಯಲು ಬರುತ್ತಿತ್ತು, ಅದರಿಂದ ಅವನು ನಮಗೆ ಸಿಕ್ಕಿದ. ಅವನ ಕೈಕೆಳಗೆ ಕಲ್ಲು ಹೊತ್ತವರು ಸಿಕ್ಕಲಿಲ್ಲ.

ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲ, ಆರು ಅಂಗುಲ ದಪ್ಪದ ಅಮೃತಶಿಲೆಯ ಮೆಟ್ಟಿಲು ಸುಮಾರು 150 ಕಿಲೋ ತೂಗುತ್ತದೆ. ಇಂಥ ಕಟ್ಟಣೆಯಲ್ಲಿ ಗೋಡೆಯೊಳಗೆ ಹೋಗುವುದು ಹೆಚ್ಚೆಂದರೆ ನಾಲ್ಕೈದು ಅಂಗುಲ. ಗೋಡೆಯೇ ಅಷ್ಟನ್ನೂ ಹಿಡಿದು ನಿಲ್ಲಿಸಿದೆ ಎಂದುಕೊಂಡರೆ ತಪ್ಪು. ಕಲ್ಲು ಅದುಮಿದರೆ ತಾಳುತ್ತದೆ, ಎಳೆದರೆ ಸೀಳುತ್ತದೆ. ಬರೀ ಗೋಡೆಯಿಂದ ಚಾಚಿ ನಿಂತಿದ್ದರೆ ಬುಡದಲ್ಲೇ ಬಿರುಕು ಬಿಡಬೇಕಿತ್ತು. ಒಂದು ದಪ್ಪ ಪುಸ್ತಕದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಅದು ಬಾಗುವುದಷ್ಟೇ ಅಲ್ಲ, ಹೊರಳಲೂ ನೋಡುತ್ತದೆ. ಮುಂದಿನ ಅಂಚಿನ ಕೆಳಗೆ ಇನ್ನೊಂದು ಬೆರಳು ಕೊಟ್ಟರೆ ಸುಮ್ಮನಾಗುತ್ತದೆ. ಆ ಇನ್ನೊಂದು ಬೆರಳೇ ಕೆಳಗಿನ ಮೆಟ್ಟಿಲು. ಪ್ರತಿ ಮೆಟ್ಟಿಲಿನ ಮುಂದಂಚು ಕೆಳಗಿನದರ ಹಿಂದಂಚಿನ ಮೇಲೆ ಕೂತಿದೆ. ಗೋಡೆಯ ಆ ನಾಲ್ಕು ಅಂಗುಲದ ಮುಖ್ಯ ಕೆಲಸ, ಕಲ್ಲು ಹೊರಳದಂತೆ ನೋಡಿಕೊಳ್ಳುವುದು. ಹೀಗೆ ಭಾರ ಕೈಯಿಂದ ಕೈಗೆ ದಾಟಿ ಕೊನೆಗೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ, ಅಲ್ಲಿಂದ ನೆಲಕ್ಕೆ ಹೋಗುತ್ತದೆ. ಕೇಂಬ್ರಿಜ್‌ನ ಪ್ರಾಧ್ಯಾಪಕ ಜಾಕ್ ಹೇಮನ್ ಕಲ್ಲಿನ ಮೆಟ್ಟಿಲುಗಳ ಈ ಬಲವಿಜ್ಞಾನದ ಬಗ್ಗೆ ಪ್ರಬಂಧ ಬರೆದದ್ದು 1995ರಲ್ಲಿ. ಕಟ್ಟುವವರು ಅದಕ್ಕೂ ಮುನ್ನೂರು ವರ್ಷ ಹಿಂದಿನಿಂದ ಕಟ್ಟುತ್ತಲೇ ಇದ್ದರು. ಫ್ರಿಚ್ಲಿಗೆ ಗುಮ್ಮಟದ ಮಾದರಿ ಕೊಟ್ಟ ಸೇಂಟ್ ಪಾಲ್ಸ್‌ನ ನೈಋತ್ಯ ಗೋಪುರದೊಳಗೂ ಇಂಥದೇ ಒಂದು ಸುರುಳಿ ಮೆಟ್ಟಿಲಿದೆ.

ಇದರಲ್ಲಿ ಒಂದು ನಿಷ್ಠುರ ನಿಯಮ ಅಡಗಿದೆ. ಕೆಲಸ ಮುಗಿಯುವವರೆಗೆ ಯಾವ ಮೆಟ್ಟಿಲೂ ಭದ್ರವಲ್ಲ. ಅಲ್ಲಿಯವರೆಗೆ ಕೆಳಗೆ ಮರದ ಊರೆ ಬೇಕು. ಸಂದುಗಳು ತುಂಬಿ, ಗಾರೆ ಗಟ್ಟಿಯಾಗಿ, ಭಾರ ದಾಟುವ ದಾರಿ ಪೂರ್ತಿಯಾದ ಮೇಲಷ್ಟೇ ಊರೆ ತೆಗೆಯಬೇಕು. ಅವಸರ ಮಾಡಿದವರಿಗೆ ಕಲ್ಲು ಕ್ಷಮೆ ಕೊಡುವುದಿಲ್ಲ.

ಇಂದಿನ ಬಂಗಲೆಗಳಲ್ಲಿ ಅಮೃತಶಿಲೆ ಏನನ್ನೂ ಹೊರುವುದಿಲ್ಲ. ಕಬ್ಬಿಣ ತುಂಬಿದ ಕಾಂಕ್ರೀಟಿನ ಬಾಗಿದ ಹಲಗೆಯ ಮೇಲೆ ಮುಕ್ಕಾಲು ಅಂಗುಲದ ಕಲ್ಲು ಹೊದಿಕೆ, ಅಷ್ಟೆ. ಆದರೂ ಅವಸರದ ನಿಯಮ ಹಾಗೇ ಇದೆ. ಹಸಿ ಕಾಂಕ್ರೀಟು ತಿಂಗಳುಗಟ್ಟಲೆ ಒಣಗಿ ಕುಗ್ಗುತ್ತದೆ, ಊರೆ ತೆಗೆದ ಮೇಲೆ ನಿಧಾನವಾಗಿ ಜಗ್ಗುತ್ತದೆ. ಮೇಲಿನ ಕಲ್ಲು ಕುಗ್ಗುವುದೂ ಇಲ್ಲ, ಜಗ್ಗುವುದೂ ಇಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ ಬೆಂಗಳೂರಿನ ಒಂದು ದೊಡ್ಡ ಮನೆಗೆ ಅಪ್ಪ ಇಂಥ ಮೆಟ್ಟಿಲು ಮಾಡಿದ್ದರು. ಗೃಹಪ್ರವೇಶದ ಮುಹೂರ್ತ ಗೊತ್ತಾಗಿತ್ತು, ಕಾಂಕ್ರೀಟು ಇನ್ನೂ ಎಳೆಯದು. ಎರಡು ತಿಂಗಳಲ್ಲಿ ಮೂರನೆಯ ಮೆಟ್ಟಿಲು ಅಡ್ಡಕ್ಕೆ ಸೀಳಿತು. ಅಡಿಯಲ್ಲಿ ಟೊಳ್ಳು ಬಿಟ್ಟಿದ್ದೀರಿ ಎಂದು ಬಾಕಿ ಹಣ ಕೊಡಲಿಲ್ಲ. ಆ ವರ್ಷ ನನ್ನ ಶಾಲೆಯ ಫೀಸು ಚಿಕ್ಕಪ್ಪ ಕಟ್ಟಿದರು. ಅಪ್ಪ ಒಂದೊಂದು ಕಲ್ಲನ್ನೂ ನಾಣ್ಯದಿಂದ ತಟ್ಟಿ, ಸದ್ದು ಕೇಳಿ, ಟೊಳ್ಳಿಲ್ಲವೆಂದು ಖಾತ್ರಿ ಮಾಡಿಕೊಳ್ಳುವವರು. ಅನ್ಯಾಯವಾಯಿತು ಎಂದೇ ನಮ್ಮ ಮನೆಯಲ್ಲಿ ಅವತ್ತಿನಿಂದ ಮಾತು.

ಕಾಂಕ್ರೀಟು ಕುಗ್ಗುವ ಲೆಕ್ಕವನ್ನು ಓದಿದ ದಿನ ನನಗೆ ಕುಣಿಯುವಷ್ಟು ಖುಷಿ. ಊರಿಗೆ ಫೋನು ಮಾಡಿ ಎಲ್ಲ ವಿವರಿಸಿದೆ: ತಪ್ಪು ನಿಮ್ಮದಲ್ಲ, ಮುಹೂರ್ತದ್ದು. ಅಪ್ಪ ಪೂರ್ತಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು, "ಇರಬಹುದು. ಆದರೆ ಮೂರನೆಯದನ್ನು ನಾನು ತಟ್ಟಿರಲಿಲ್ಲ. ಅವತ್ತು ಕತ್ತಲಾಗಿತ್ತು" ಅಂದರು.