ರೊಟ್ಟಿ ಜೊತೆಯ ಖೀಮಾ

ಆಳಂದ, ಅಫಜಲಪುರ, ಜೇವರ್ಗಿ ಜೋಳದ ಸೀಮೆ. ಉಳ್ಳಾಗಡ್ಡಿಯನ್ನು ಕೆಂಪಗೆ ಹುರಿದು ಬೇಯಿಸಿದ ಖೀಮಾ, ಬಿಸಿ ರೊಟ್ಟಿ ಇದ್ದರೆ ಮಾಂಸಾಹಾರಿಗಳ ಮನೆಯಲ್ಲಿ ರಾತ್ರಿಯೂಟಕ್ಕೆ ಬೇರೇನೂ ಬೇಡ. ಕೊಚ್ಚಿದ ಮಾಂಸಕ್ಕಿರುವ ಈ ಹೆಸರಿನ ಮೂಲ ತುರ್ಕಿಯ ‘ಕಿಯ್ಮಾ’. ಪಾರಸಿ, ಉರ್ದು ಹಾದು ಅದು ದಖನ್ನಿಗೆ ಬಂತು. 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯದ ಮೊದಲ ರಾಜಧಾನಿ ಕಲಬುರಗಿ; ಆಡಳಿತ ಭಾಷೆ ಪಾರಸಿ. ಹೆಸರು ಹೊರಗಿನದಾದರೂ ರೊಟ್ಟಿ ಈ ಮಣ್ಣಿನದೇ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರಿನಲ್ಲಿ ನಾದಿ ಕೈಯಿಂದಲೇ ಬಡಿಯಬೇಕು.

ದನದ ಮಾಂಸ ಬಡವರ ಕೈಗೆಟುಕುತ್ತಿತ್ತು. 1964ರ ಕಾಯಿದೆ 12 ವರ್ಷ ಮೀರಿದ ಎತ್ತು, ಎಮ್ಮೆಗಳ ವಧೆಗೆ ಷರತ್ತಿನ ಅನುಮತಿ ನೀಡಿತ್ತು. 2021ರಲ್ಲಿ ಜಾರಿಗೆ ಬಂದ ಕಾಯಿದೆ 13 ವರ್ಷ ಮೀರಿದ ಎಮ್ಮೆ, ಕೋಣಗಳಿಗಷ್ಟೇ ವಿನಾಯಿತಿ ಕೊಟ್ಟಿತು. ರೈತನಿಗೆ ಮುದಿ ಎತ್ತು ಮಾರುವ ದಾರಿ, ಬಡವನಿಗೆ ಅಗ್ಗದ ಖೀಮಾದ ದಾರಿ ಒಟ್ಟಿಗೇ ಕಿರಿದಾದವು.