ಕೂರುವುದು ಬೇರೆ, ಹೊಂದುವುದು ಬೇರೆ: ಡೆಸ್ಕ್‌ಟಾಪ್ ರ‍್ಯಾಮ್ ಹೊಂದಾಣಿಕೆಯ ಚರಿತ್ರೆ

ಹಳೆಯ ಡೆಸ್ಕ್‌ಟಾಪಿಗೆ ರ‍್ಯಾಮ್ ಹೆಚ್ಚಿಸಲು ಹೊರಟವರು ಮೊದಲು ಕೇಳುವುದು, ‘ಇದು ನಮ್ಮ ಸ್ಲಾಟಿನಲ್ಲಿ ಕೂರುತ್ತದೆಯೇ?’ ಎಂದು. ನಾಲ್ಕು ದಶಕಗಳ ಚರಿತ್ರೆ ನೋಡಿದರೆ ಇದು ಅರ್ಧ ಪ್ರಶ್ನೆ. ಕೂತದ್ದು ಹೊಂದುತ್ತದೆಯೇ ಎಂದು ತೀರ್ಮಾನಿಸುವುದು ಸ್ಲಾಟ್ ಅಲ್ಲ, ಪ್ರೊಸೆಸರಿನ ಪರವಾಗಿ ರ‍್ಯಾಮ್ ಓದಿ ಬರೆಯುವ ಮೆಮೊರಿ ಕಂಟ್ರೋಲರ್.

1981ರ ಐಬಿಎಂ ಪಿಸಿಯಲ್ಲಿ ಈಗಿನಂಥ ರ‍್ಯಾಮ್ ಪಟ್ಟಿಗಳೇ ಇರಲಿಲ್ಲ. ಮದರ್‌ಬೋರ್ಡಿನ ಮೇಲೆ ಬಿಡಿ ಚಿಪ್‌ಗಳ ಸಾಲುಗಳಿದ್ದವು. ಸಾಲಿಗೆ ಒಂಬತ್ತು: ಎಂಟು ದತ್ತಾಂಶಕ್ಕೆ, ಇನ್ನೊಂದು ತಪ್ಪು ಹಿಡಿಯುವ ಪ್ಯಾರಿಟಿಗೆ. 1983ರಲ್ಲಿ ವಾಂಗ್ ಲ್ಯಾಬೊರೇಟರೀಸ್ ಈ ಚಿಪ್‌ಗಳನ್ನು ಒಂದು ಪಟ್ಟಿಗೆ ಬೆಸೆದು ‘ಸಿಮ್’ ರೂಪಿಸಿತು (ಮೊಬೈಲಿನ ಸಿಮ್‌ಗೂ ಇದಕ್ಕೂ ನಂಟಿಲ್ಲ). ಚಿಪ್ ಕೂರಿಸುವ ಕಷ್ಟ ತಪ್ಪಿತು, ಲೆಕ್ಕ ಹಾಕುವ ಕಷ್ಟ ಉಳಿಯಿತು. 30 ಪಿನ್ನಿನ ಸಿಮ್ ಒಮ್ಮೆಗೆ ಕೊಡುವುದು 8 ಬಿಟ್. 386ಡಿಎಕ್ಸ್ ಪ್ರೊಸೆಸರಿಗೆ ಬೇಕಿದ್ದದ್ದು 32. ಹಾಗಾಗಿ ನಾಲ್ಕನ್ನು ಒಟ್ಟಿಗೇ ಕೊಳ್ಳಬೇಕಿತ್ತು. ಪೆಂಟಿಯಂ ಬಂದಾಗ 72 ಪಿನ್ನಿನವನ್ನು ಜೋಡಿಯಾಗಿ ಹಾಕಬೇಕಾಯಿತು. 64 ಬಿಟ್ಟಿನ, 168 ಪಿನ್ನಿನ ಡಿಮ್ ಬಂದ ಮೇಲೆ ಒಂದೇ ಪಟ್ಟಿ ಸಾಕಾಯಿತು.

ಡಿಮ್‌ನ ಮೇಲೆ ಒಂದು ಪುಟ್ಟ ಚಿಪ್ ಇರುತ್ತದೆ, ಹೆಸರು ಎಸ್‌ಪಿಡಿ. ತನ್ನ ಪಟ್ಟಿಯ ಗಾತ್ರ, ವೇಗ, ಟೈಮಿಂಗ್‌ಗಳನ್ನು ಅದು ಬಯೋಸ್‌ಗೆ ಓದಿ ಹೇಳುತ್ತದೆ. ಇಂಟೆಲ್‌ನ ಪಿಸಿ100 ಮಾನದಂಡ ಇದನ್ನು ಕಡ್ಡಾಯ ಮಾಡಿದ ಮೇಲೆ ಪರೀಕ್ಷೆಯ ಹೊಣೆ ಬಹುಮಟ್ಟಿಗೆ ಮನುಷ್ಯರಿಂದ ಯಂತ್ರಕ್ಕೆ ದಾಟಿತು. ಸಮಸ್ಯೆ ಇಲ್ಲಿಗೆ ಮುಗಿಯಿತು ಎನ್ನುವವರಿಗೆ ಉತ್ತರವಾಗಿ 1998ರ 440ಬಿಎಕ್ಸ್ ಚಿಪ್‌ಸೆಟ್ ಇದೆ. ಅದರ ಬೋರ್ಡಿಗೆ 256 ಎಂಬಿಯ ಪಟ್ಟಿ ಹಾಕಿದರೆ, ಹದಿನಾರು ಚಿಪ್‌ಗಳದ್ದಾದರೆ ಪೂರ್ತಿ ಲೆಕ್ಕಕ್ಕೆ ಬರುತ್ತಿತ್ತು. ಎಂಟೇ ದಟ್ಟ ಚಿಪ್‌ಗಳದ್ದಾದರೆ ತೆರೆಯ ಮೇಲೆ 128 ಎಂಬಿ! ಪಟ್ಟಿ ಕೆಟ್ಟಿರಲಿಲ್ಲ, ಸ್ಲಾಟ್ ಸರಿಯಾಗಿತ್ತು. ಅಷ್ಟು ದಟ್ಟವಾದ ಚಿಪ್‌ನ ಅರ್ಧ ವಿಳಾಸಗಳು ಕಂಟ್ರೋಲರಿನ ಕೈಗೆ ಎಟುಕುತ್ತಿರಲಿಲ್ಲ. ಹೊಂದಾಣಿಕೆಯ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಪಾಠ ನನಗೆ ಕಂಡಿಲ್ಲ.

ಮುಂದೆ ಬಂದ ಡಿಡಿಆರ್ ರ‍್ಯಾಮ್‌ನ ಪೀಳಿಗೆಗಳ ನಡುವಿನ ಗಡಿಯನ್ನು ಕಾಯುತ್ತಿರುವುದು ಪಟ್ಟಿಯ ಅಂಚಿನ ಒಂದು ಕಚ್ಚು. ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನು. ವೋಲ್ಟೇಜ್ ಮಾತ್ರ 1.8 ಮತ್ತು 1.5. ಒಂದರ ಸ್ಲಾಟಿಗೆ ಇನ್ನೊಂದು ಇಳಿಯದಂತೆ ಕಚ್ಚಿನ ಜಾಗವನ್ನು ಸರಿಸಿದ್ದಾರೆ. 288 ಪಿನ್ನಿನ ಡಿಡಿಆರ್4, ಡಿಡಿಆರ್5ಗಳಿಗೂ ಇದೇ ಉಪಾಯ. ಆದರೆ ಕಚ್ಚು ಹೇಳುವುದು ‘ಬೇಡ’ ಎಂಬುದನ್ನಷ್ಟೆ. ‘ಆಗಬಹುದು’ ಎಂದು ಅದು ಎಂದೂ ಹೇಳುವುದಿಲ್ಲ.

2003ರಲ್ಲಿ ಎಎಂಡಿಯ ಅಥ್ಲಾನ್ 64, 2008ರಲ್ಲಿ ಇಂಟೆಲ್‌ನ ಮೊದಲ ಕೋರ್ ಐ7 ಬೋರ್ಡಿನ ಚಿಪ್‌ಸೆಟ್‌ನಲ್ಲಿದ್ದ ಕಂಟ್ರೋಲರನ್ನು ಪ್ರೊಸೆಸರಿನೊಳಕ್ಕೇ ಎಳೆದುಕೊಂಡವು. ಅಲ್ಲಿಂದ ಮುಂದೆ ಬೋರ್ಡಿನ ಕೈಪಿಡಿ ಒಂದನ್ನೇ ನೋಡಿದರೆ ಸಾಲದಾಯಿತು; ಪ್ರೊಸೆಸರ್ ಎಷ್ಟು ಜಿಬಿ, ಎಷ್ಟು ವೇಗ ಒಪ್ಪುತ್ತದೆ ಎಂದೂ ನೋಡಬೇಕಾಯಿತು. ವೇಗ ಬೇರೆಬೇರೆಯಾದ ಎರಡು ಪಟ್ಟಿಗಳನ್ನು ಜೊತೆಗೆ ಹಾಕಿದರೆ ಸಾಮಾನ್ಯವಾಗಿ ಎರಡೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ.

ಬೆಂಗಳೂರಿನ ಎಸ್.ಪಿ. ರೋಡಿಗೆ ರ‍್ಯಾಮ್ ತರಲು ಹೋಗುವವರು ಮೂರನ್ನು ಬರೆದುಕೊಂಡು ಹೋಗಲಿ: ಬೋರ್ಡಿನ ಮಾದರಿ, ಪ್ರೊಸೆಸರಿನ ಹೆಸರು, ಈಗಿರುವ ಪಟ್ಟಿಯ ಲೇಬಲ್ಲಿನಲ್ಲಿರುವ ಅಷ್ಟೂ ಅಕ್ಷರಗಳು.