ಖಾಲಿ ಕುರ್ಚಿ ದಿನದ ಪಗಾರ

ಕೂದಲ ಕತ್ತರಿಸೋರಿಗೆ ತಿಂಗಳ ಪಗಾರ ಅನ್ನೋದು ನಮ್ಮ ಕಡೆ ಭಾಳ ಹಳೇ ಮಾತಲ್ಲ. ನಮ್ಮ ಆಯಿ ಕಾಲಕ್ಕ, ನವಲಗುಂದದ ಕಡೆ ಎರಿ ಹೊಲದ ಊರಾಗ, ಹಡಪದ ಕಾಕಾನ ಕೈಯಾಗ ಯಾರೂ ರೊಕ್ಕ ಇಟ್ಟಿದ್ದಿಲ್ಲ. ಸುಗ್ಗಿ ಮುಗದು ಜೋಳದ ರಾಶಿ ಆದಾಗ ಆತ ಕಣಕ್ಕ ಬರತಿದ್ದ. ಆತನ ಸಂಗಟ ಬಡಿಗ, ಕಮ್ಮಾರ, ಕುಂಬಾರ, ಅಗಸ, ತಳವಾರ ಎಲ್ಲಾರೂ ಬರತಿದ್ರು. ಇವರಿಗೆ ಆಯಗಾರರು ಅಂತ ಹೆಸರು. ಊರಿಗೆ ಹನ್ನೆರಡು ಮಂದಿ ಅಂತ ಲೆಕ್ಕ, ಮರಾಠಿ ಮಂದಿ ಬಾರಾ ಬಲುತೆ ಅಂತಾರ. ರಾಶಿಯೊಳಗ ಅವರವರ ಪಾಲು ಅಳದು ಕೊಡೋದಕ್ಕ ಆಯ ಅನ್ನೋದು.

ಈ ಆಯ ಅಳೀತಿದ್ದದ್ದು ತಲಿ ಎಣಿಸಿ ಅಲ್ಲ, ಮನಿ ನೋಡಿ, ಹೊಲ ನೋಡಿ. ವರ್ಷಪೂರ್ತಿ ಮನಿ ಗಂಡಸರ ಕ್ಷೌರ, ಕೂಸಿನ ಜವಳ, ಮದಿಮಗನ ಕೆಲಸ, ಸಾವಿನ ಮನಿ ಕೆಲಸ, ಎಲ್ಲಾ ಅದರಾಗ ಬಂತು. ಲಗ್ನಕ್ಕ ಜವಳಕ್ಕ ಮ್ಯಾಲಿಂದ ಎಲಿ ಅಡಿಕಿ, ಅಕ್ಕಿ, ಕಾಯಿ ಕೊಡತಿದ್ರು ಅಷ್ಟ. ಹಿಂಗಾಗಿ ಗಿರಾಕಿ ಬರಲಿಲ್ಲ ಅಂದ್ರ ಇವತ್ತಿನ ಊಟ ಹೋತು ಅನ್ನೋ ಚಿಂತಿ ಆತಗ ಇರಲಿಲ್ಲ. ಆದ್ರ ಇದನ್ನ ಭಾಳ ಹೊಗಳಬ್ಯಾಡ್ರಿ. ಆಯ ಕಡಿಮಿ ಆತು ಅಂತ ಆತ ಬಾಯಿ ಬಿಡೋ ಹಂಗಿರಲಿಲ್ಲ. ಒಂದು ಮನಿ ಕೆಲಸ ಒಲ್ಲೆ ಅನ್ನೋ ಹಂಗೂ ಇರಲಿಲ್ಲ. ಮಳಿ ಹೋದ ವರ್ಷ ರಾಶೀನ ಇಲ್ಲ, ಆಯ ಎಲ್ಲಿಂದ? ಕುಂಡ್ರೋದಂತೂ ಹೊರಗಿನ ಕಟ್ಟಿ ಮ್ಯಾಲ, ಪಡಸಾಲಿಗೆ ಬರೋ ಮಾತೇ ಇಲ್ಲ. ಆಗ ಆ ಮಂದಿಗೆ ಕರಿತಿದ್ದ ಹೆಸರನ್ನ ನಮ್ಮ ಹಿರೇರು ಬೈಗಳದಾಗೂ ಬಳಸತಿದ್ರು, ಈಗ ಬಳಸಬಾರದು. ಹಡಪದ ಅನ್ರಿ, ಸವಿತಾ ಸಮಾಜ ಅನ್ರಿ. ಹಡಪ ಅಂದ್ರ ಕತ್ತಿ ಕತ್ತರಿ ಇಡೋ ಚೀಲ, ಎಲಿ ಅಡಿಕಿ ಚೀಲಕ್ಕೂ ಅದ ಹೆಸರು. ಬಸವಣ್ಣನವರ ಹತ್ತರ ಇದ್ದ ಹಡಪದ ಅಪ್ಪಣ್ಣನವರು ವಚನ ಬರದವರು, ಅವರ ಹೆಂಡತಿ ಲಿಂಗಮ್ಮನೂ ವಚನ ಬರದಾಳ.

ಹಡಪದ ಕಾಕೂನ ಸುದ್ದಿ ಬ್ಯಾರೆ ಹೇಳಬೇಕು. ಭಾಳ ಊರಾಗ ಸೂಲಗಿತ್ತಿ ಅಂದ್ರ ಆಕೀನ. ಹೆರಿಗಿ ಮಾಡಸೋದು, ಬಾಣಂತಿಗೆ ಎರಿಯೋದು, ಕೂಸಿಗೆ ಎಣ್ಣಿ ತಿಕ್ಕೋದು. ಆಕಿಗೆ ಕುಬಸದ ಕಣ, ಮರದ ತುಂಬ ಜೋಳ ಕೊಡತಿದ್ರು. ಗಂಡು ಹುಟ್ಟಿದ್ರ ಮರ ತುಂಬತಿತ್ತು, ಹೆಣ್ಣು ಹುಟ್ಟಿದ್ರ ಅರ್ಧ ಅಂತ ಆಯಿ ನಕ್ಕೋತ ಹೇಳತಿದ್ಲು. ನನಗ ನಗು ಬರಲಿಲ್ಲ. ರಾತ್ರಿಯೆಲ್ಲಾ ಆಕಿ ಪಟ್ಟ ಕಷ್ಟ ಎರಡಕ್ಕೂ ಒಂದ. ಆಕಿ ಕೈಯಾಗ ಇಲ್ಲದ್ದಕ್ಕ ಆಕಿ ಕೂಲಿ ಕಟ್ಟಿದ್ರು. ಈ ಮಾತು ನೆನಪಿಟ್ಟುಕೋರಿ, ಮುಂದ ಪಾರ್ಲರಿನ ಲೆಕ್ಕದಾಗ ಮತ್ತ ಬರತೈತಿ.

ಈ ಕಸಬಿನವರು ಬಾಯಿ ಬಿಟ್ಟು ಕೇಳಿದ್ದೂ ಐತಿ. 16ನೇ ಶತಮಾನದ ನಡುವ, ವಿಜಯನಗರದಾಗ ಸದಾಶಿವರಾಯ ಹೆಸರಿಗೆ ಅರಸ, ಕಾರಭಾರ ಎಲ್ಲಾ ರಾಮರಾಯಂದು. ಆ ರಾಮರಾಯಗ ಕ್ಷೌರ ಮಾಡತಿದ್ದಾತ ಕೊಂಡೋಜ. ರಾಮರಾಯ ಆತನ ಕೆಲಸ ಮೆಚ್ಚಿದಾಗ, ಕೊಂಡೋಜ ಬರೇ ತನಗಂತ ಕೇಳದ ತನ್ನ ಕಸಬಿನವರ ಮ್ಯಾಲಿನ ತೆರಿಗಿ ಬಿಡಿಸಿಕೊಂಡ. ಬಾದಾಮಿ ಶಾಸನದಾಗ ಇದು ಕೆತ್ತೈತಿ. ತೆರಿಗಿ ಜೋಡಿ ಬಿಟ್ಟಿ ದುಡಿಮಿನೂ ಮಾಫ್. ಬಿಟ್ಟಿ ಅಂದ್ರ ಕೂಲಿ ಕೊಡದ ಮಾಡಿಸಿಕೊಳ್ಳೋದು. ಬಾದಾಮಿಗೆ ಹೋದಾಗೆಲ್ಲಾ ನಾವು ಗುಹೆ ನೋಡಿ ಮಂಗ್ಯಾಗೋಳಿಗೆ ಹೆದರಿ ಬರತೀವಿ, ಇದನ್ನ ನಮಗ ಯಾರೂ ತೋರಸಲಿಲ್ಲ.

ಇನ್ನೊಂದು ಸುದ್ದಿ ಮುಂಬೈದ್ದು. ಆಗ ನಮ್ಮ ಧಾರವಾಡ ಜಿಲ್ಲೆನೂ ಮುಂಬೈ ಪ್ರಾಂತದಾಗ ಇತ್ತು. ಗಂಡ ಸತ್ತ ಹೆಣ್ಣಮಕ್ಕಳ ತಲಿ ಬೋಳಿಸೋ ಪದ್ಧತಿ ಕೆಲವು ಜಾತಿಯೊಳಗ ಇತ್ತಲ್ಲ, ಆ ಕೆಲಸಕ್ಕ ಕರಸ್ತಿದ್ದದ್ದು ಇದ ಮಂದೀನ. 1890ರಾಗ ಮುಂಬೈದಾಗ ಕ್ಷೌರಿಕರು ಸಭಾ ಸೇರಿ, ಇನ್ನು ವಿಧವೆಯರ ತಲಿಗೆ ಕತ್ತಿ ಹಚ್ಚಂಗಿಲ್ಲ ಅಂದ್ರು. ಅವರನ್ನ ಕೂಡಿಸಿದಾತ ನಾರಾಯಣ ಮೇಘಾಜಿ ಲೋಖಂಡೆ, ಜ್ಯೋತಿಬಾ ಫುಲೆಯವರ ಸಂಗಡಿಗ. ಬರಬೇಕಾಗಿದ್ದ ಕೂಲಿ ಬಿಟ್ಟು ಹೆಂಗಸರ ಪರ ನಿಂತವರು ಅವರು. ಅದ ವರ್ಷ ಗಿರಣಿ ಕೆಲಸಗಾರರಿಗೆ ಐತವಾರದ ಸೂಟಿ ಕೊಡಿಸಿದ್ದೂ ಇದ ಲೋಖಂಡೆ.

ಪ್ಯಾಟಿಗೆ ಬಂದ ಮ್ಯಾಲ ಆಯ ಹೋಗಿ ಕಟಿಂಗ್ ಅಂಗಡಿ ಬಂತು. ಹುಬ್ಬಳ್ಳಿಯಂಥಾ ಊರಾಗ ರೈಲ್ವೆ ವರ್ಕ್‌ಶಾಪಿನವರು, ಗಿರಣಿಯವರು ಕೈಯಾಗ ರೊಕ್ಕ ಹಿಡಕೊಂಡು ಬರತಿದ್ರು, ಅವರಿಗೆ ಕಣ ಎಲ್ಲೈತಿ, ರಾಶಿ ಎಲ್ಲೈತಿ? ಅಲ್ಲೆ ಹುಟ್ಟಿದ್ದು ಅರ್ಧಪಾಲಿನ ಲೆಕ್ಕ. ಮಾಲಕಂದು ಜಾಗಾ, ಕುರ್ಚಿ, ಕನ್ನಡಿ, ಕರೆಂಟು. ಕೆಲಸಗಾರಂದು ಕೈ, ಭಾಳ ಕಡೆ ಕತ್ತರಿನೂ ಆತಂದ. ರಾತ್ರಿ ಅಂಗಡಿ ಕದ ಹಾಕಿ ಗಲ್ಲಾ ಎಣಿಸಿ ಅರ್ಧಾ ಅರ್ಧಾ. ಕೈ ಭಾಳ ಚಲೋ ಇದ್ದಾತ ಅರವತ್ತು ಕೇಳತಿದ್ದ, ಸಿಗತಿತ್ತು. ಇದರಾಗ ಒಂದು ನೇರತನ ಐತಿ, ಎಲ್ಲಾರ ಕಣ್ಣ ಮುಂದ ಎಣಿಸೋ ರೊಕ್ಕ. ಆದ್ರ ಮಳಿಗಾಲದ ಸೋಮವಾರ ಮೂರ ಗಿರಾಕಿ ಬಂದ್ರ ಮೂರ ಗಿರಾಕಿಯ ಅರ್ಧ. ಮಂಗಳವಾರ ಅಂಗಡಿ ಬಂದ್ ಅಂದ್ರ ಅವತ್ತು ಏನೂ ಇಲ್ಲ. ಆಯದಾಗ ಖಾಲಿ ದಿನದ ಭಾರ ಊರು ಹೊರತಿತ್ತು, ಅರ್ಧಪಾಲಿನ್ಯಾಗ ಅದು ಕೆಲಸಗಾರನ ಹೆಗಲಿಗೆ ಬಂತು. ಕೂದಲ ಗುಡಿಸೋ ಹುಡುಗಗಂತೂ ಎರಡೂ ಇಲ್ಲ, ಚಾ ರೊಕ್ಕ ಅಷ್ಟ.

ಈ ಭಾರ ಎಷ್ಟು ಅಂತ ಎಲ್ಲಾರಿಗೂ ಕಂಡದ್ದು 2020ರ ಲಾಕ್‌ಡೌನಿನ್ಯಾಗ. ಮೇ ತಿಂಗಳದಾಗ ಯಡಿಯೂರಪ್ಪನವರ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ, 60,000 ಅಗಸರಿಗೆ ತಲಾ 5,000 ರೂಪಾಯಿ ಒಮ್ಮೆ ಕೊಡತೀವಿ ಅಂತು. ಐದು ಸಾವಿರ ಎಷ್ಟು ದಿನ ಬರತೈತಿ ಅನ್ನೋದು ಮನಿ ನಡಸೋರಿಗೆ ಹೇಳಬೇಕಾಗಿಲ್ಲ. ಆದರೂ ಕುರ್ಚಿ ಖಾಲಿ ಇದ್ರ ಇವರಿಗೆ ಏನೂ ಇಲ್ಲ ಅನ್ನೋದನ್ನ ಸರ್ಕಾರ ಅವತ್ತು ಒಪ್ಪಿಕೊಂಡಂಗಾತು.

ಇನ್ನ ನಮ್ಮ ಪಾರ್ಲರಿನ ಸುದ್ದಿ. ನಮ್ಮ ಅವ್ವಂದಿರು ಸೀಗಿಕಾಯಿ ಹಚ್ಚಿಕೊಂಡು ಮನಿಯಾಗ ಹೆಳಲ ಹಾಕಿಕೊಂಡವರು. ಕೂದಲಕ್ಕ ರೊಕ್ಕ ಕೊಡೋದು ಅವರಿಗೆ ಗೊತ್ತಿಲ್ಲ. ಓಣ್ಯಾಗ ಒಬ್ಬಾಕಿ ತನ್ನ ಮನಿ ಮುಂದಿನ ಖೋಲಿಗೆ ಪಡದಾ ಕಟ್ಟಿ ಬೋರ್ಡು ಹಾಕಿದಾಗಿಂದ ನಾವು ಸುರು ಮಾಡಿದ್ವಿ. ಆಕಿ ಹತ್ತರ ಕೆಲಸಕ್ಕ ಬಂದ ಹುಡುಗೇರು ಎಲ್ಲಾ ಜಾತಿಯವರು, ಯಾರ ಮನಿಯಾಗೂ ಈ ಕಸಬು ಇರಲಿಲ್ಲ. ಹಿಂಗಾಗಿ ಅವರಿಗೆ ಆಯದ ಹಕ್ಕೂ ಗೊತ್ತಿಲ್ಲ, ಅರ್ಧಪಾಲಿನ ನ್ಯಾಯನೂ ಗೊತ್ತಿಲ್ಲ. ಅಕ್ಕಾರು ಕಲಸಾಕತ್ಯಾರ, ನಾ ಕಲಿಯಾಕತ್ತೀನಿ ಅಂತ ವರ್ಷಗಟ್ಟಲೆ ಕೈಖರ್ಚಿನ ಮ್ಯಾಲ ದುಡದ್ರು. ಕತ್ತರಿ ಹಿಡದ ಗಂಡಸು ಅರ್ಧ ಕೇಳತಿದ್ದ, ದಾರ ಹಿಡದ ಹುಡುಗಿ ಏನು ಕೊಟ್ರೂ ಹೂಂ ಅಂದ್ಲು. ಈ ವ್ಯತ್ಯಾಸ ನನಗ ಇನ್ನೂ ಒಳಗ ಚುಚ್ಚತೈತಿ.

ನಮ್ಮ ನಾದ್ನಿ ಹತ್ತರ ಈಗ ಮೂರು ಮಂದಿ ಹುಡುಗೇರು ಅದಾರ. ದೊಡ್ಡ ಸಲೂನಿನವರ ಲೆಕ್ಕ ನೋಡಿ ತಾನೂ ಹಂಗ ಮಾಡಬೇಕು ಅಂದ್ಲು. ಆ ಲೆಕ್ಕ ಏನಂದ್ರ, ಪಗಾರದ ಮೂರ ಪಟ್ಟು ಕೆಲಸ ಮಾಡಿ ತೋರಸಬೇಕು, ಅದರ ಮ್ಯಾಲ ಬಂದದ್ದಕ್ಕ ಮಾತ್ರ ಕಮಿಷನ್. ಇಬ್ಬರೂ ಕುಂತು ಅಂಕಿ ಹಾಕಿದ್ವಿ. ಪಗಾರ 15,000 ಹಿಡೀರಿ, ಟಾರ್ಗೆಟ್ 45,000, ಮ್ಯಾಲಿಂದಕ್ಕ ನೂರಕ್ಕ ಹತ್ತು. ಲಗ್ನದ ತಿಂಗಳು ಹುಡುಗಿ 60,000ದ ಕೆಲಸ ಮಾಡಿದ್ರ ಆಕಿಗೆ 16,500. ಆಷಾಢದಾಗ ಗಿರಾಕಿ ಇಲ್ಲ, ಬರೇ 25,000ದ ಕೆಲಸ, ಆಗ 15,000. ಎರಡೂ ತಿಂಗಳು ಕೂಡಿ 31,500.

ಹಳೇ ಕಟಿಂಗ್ ಅಂಗಡಿ ಹಂಗ ಪಗಾರ ಇಲ್ಲದ ಪಾಲು ಹಿಡೀರಿ, ನೂರಕ್ಕ ನಲವತ್ತು. ಲಗ್ನದ ತಿಂಗಳು 24,000, ಆಷಾಢದಾಗ 10,000. ಕೂಡಿ 34,000. ರೊಕ್ಕ ಜಾಸ್ತಿ ಬಂತು, ಆದ್ರ ಆಷಾಢದಾಗ ಮನಿ ಬಾಡಿಗಿ ಕಟ್ಟಾಕ ಆಕಿ ಯಾರ ಹತ್ತರ ಕೈಚಾಚಬೇಕು? ನಾದ್ನಿ ಹತ್ತರನ. ಅಲ್ಲಿಗೆ ಉಚಲ ಸುರು, ಉಚಲ ಹರಿಯೋತನಕ ಆಕಿ ಬ್ಯಾರೆ ಕಡೆ ಹೋಗೋ ಹಂಗಿಲ್ಲ.

ಮೂರನೇದು, ಪಗಾರ 15,000 ಇರಲಿ, ಟಾರ್ಗೆಟ್ ತಗೀರಿ, ಮೊದಲ ರೂಪಾಯಿಯಿಂದನ ನೂರಕ್ಕ ಐದು ಕೊಡ್ರಿ. ಲಗ್ನದ ತಿಂಗಳು 18,000, ಆಷಾಢದಾಗ 16,250. ಕೂಡಿ 34,250. ನೋಡಿದ್ರೇನು, ಮಾಲಕಳ ಕೈಯಿಂದ ಹೋಗೋ ರೊಕ್ಕ ಪಾಲಿನ ಲೆಕ್ಕಕ್ಕೂ ಇದಕ್ಕೂ 250 ರೂಪಾಯಿ ಫರಕು ಅಷ್ಟ. ಆದ್ರ ಹುಡುಗಿಗೆ ಆಷಾಢದಾಗೂ ಒಲಿ ಉರೀತೈತಿ. ನಾದ್ನಿ ಎರಡು ಸಲ ಕೂಡಿಸಿ ನೋಡಿದ್ಲು. ಇವು ಲೆಕ್ಕಕ್ಕ ಹಿಡದ ಅಂಕಿ, ನಿಮ್ಮ ಊರಿನ ಕನಿಷ್ಠ ವೇತನ ಮ್ಯಾಲಿದ್ರ ಅದನ್ನ ಹಿಡೀಬೇಕು.

ಇಲ್ಲೆ ಸೂಲಗಿತ್ತಿಯ ಮರ ನೆನಪಿಗೆ ತಂದುಕೋರಿ. ಹುಬ್ಬು ಮಾಡೋದಕ್ಕ 50 ರೂಪಾಯಿ, ಹತ್ತು ನಿಮಿಷ. ಎರಡೂವರಿ ತಾಸಿನ್ಯಾಗ ಹದಿನೈದು ಮಂದಿಗೆ ಮಾಡಿದ್ರ 750, ಅದರ ನೂರಕ್ಕ ಐದು ಅಂದ್ರ ಮೂವತ್ತೇಳೂವರಿ ರೂಪಾಯಿ. ಬಾಜೂ ಕುರ್ಚಿಯಾಕಿ ಅದ ಎರಡೂವರಿ ತಾಸಿನ್ಯಾಗ 4,000ದ ಸ್ಟ್ರೇಟನಿಂಗ್ ಮಾಡಿದ್ರ ಆಕಿಗೆ 200. ದಾರ ಹಲ್ಲಾಗ ಹಿಡದು ಕುತ್ತಿಗಿ ಬಗ್ಗಿಸಿ ನಿಂತಾಕಿ ಕಷ್ಟ ಕಡಿಮಿ ಏನಲ್ಲ. ಯಾವ ಗಿರಾಕಿ ಯಾರ ಕುರ್ಚಿಗೆ ಅನ್ನೋದನ್ನ ಮಾಲಕಳು ಹೇಳತಾಳ, ಕಮಿಷನ್ ಮಾತ್ರ ಹುಡುಗೀದು ಕಡಿಮಿ ಆಗತೈತಿ. ಗಂಡಸು ಹೆಂಗಸು ಕೂಡಿ ದುಡಿಯೋ ಸಲೂನಿನ್ಯಾಗ ಕತ್ತರಿ ಕೆಲಸ ಗಂಡಸರಿಗೆ, ದಾರ ಮತ್ತ ವ್ಯಾಕ್ಸಿನ ಕೆಲಸ ಹೆಂಗಸರಿಗೆ ಹೋದ್ರ, ಪರ್ಸೆಂಟ್ ಒಂದ ಇದ್ದರೂ ಪಗಾರ ಒಂದ ಆಗಂಗಿಲ್ಲ. ಸಮಾನ ವೇತನದ ಕಾಯ್ದೆ 1976ರಾಗ ಬಂತು, ಅದು ಪರ್ಸೆಂಟ್ ನೋಡತಿತ್ತು, ಕುರ್ಚಿ ಹಂಚಿಕಿ ಯಾರು ನೋಡಬೇಕು?

ಕಾಯ್ದೆ ಬಗ್ಗೆ ಹುಡುಗೇರ ಅವ್ವಂದಿರು ಇಷ್ಟು ತಿಳಕೋರಿ. ಕನಿಷ್ಠ ವೇತನ ಕಾಯ್ದೆ 1948ರದ್ದು. ಅದೂ, ಬ್ಯಾರೆ ಮೂರು ಹಳೇ ಕಾಯ್ದೆನೂ ಕೂಡಿಸಿ ಮಾಡಿದ್ದು 2019ರ ವೇತನ ಸಂಹಿತೆ, ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕ. ಕಮಿಷನ್ ಎಷ್ಟರ ಕೊಡ್ರಿ, ಕನಿಷ್ಠ ವೇತನಕ್ಕಿಂತ ಕೆಳಗ ಇಳಿಯಂಗಿಲ್ಲ. ತಿಂಗಳ ಪಗಾರ ಮುಂದಿನ ತಿಂಗಳು 7ನೇ ತಾರೀಖಿನೊಳಗ ಕೈಗೆ ಬರಬೇಕು. ಕೆಲಸ ಬಿಟ್ಟರೂ, ತಗದರೂ, ಬಾಕಿ ಎರಡು ಕೆಲಸದ ದಿನದಾಗ ಕೊಡಬೇಕು. ಇನ್ನೊಂದು ಸೂಕ್ಷ್ಮ ಐತಿ. ಕಮಿಷನ್ನು, ಭತ್ಯೆ ಇಂಥಾವನ್ನ ವೇತನದ ಲೆಕ್ಕದಿಂದ ಹೊರಗಿಡಬಹುದು, ಆದ್ರ ಅವೆಲ್ಲಾ ಕೂಡಿ ಒಟ್ಟು ಗಳಿಕೆಯ ಅರ್ಧಕ್ಕಿಂತ ಮೀರಿದ್ರ, ಮೀರಿದ್ದು ವೇತನ ಅಂತನ ಲೆಕ್ಕ. ಪಗಾರ ಕಾಗದದಾಗ ಸಣ್ಣದು ಬರದು ಎಲ್ಲಾ ಕಮಿಷನ್ ಅಂತ ತೋರಿಸಿದ್ರ ಮುಂದ ಗ್ರಾಚ್ಯುಟಿ ಲೆಕ್ಕದಾಗ ಹುಡುಗಿಗೆ ಲುಕ್ಸಾನ್ ಆಗಬಾರದು ಅಂತ ಈ ಮಾತು.

ನಾದ್ನಿ ಈಗ ಮೂರನೇ ಲೆಕ್ಕಕ್ಕ ಬಂದಾಳ. ಹುಬ್ಬಿನ ಕೆಲಸಕ್ಕ ನೂರಕ್ಕ ಹತ್ತು, ಉಳಿದದ್ದಕ್ಕ ಐದು ಮಾಡ್ಯಾಳ. ಕ್ರೀಮಿನ ಖರ್ಚು ಕಮಿಷನ್ನಿನ್ಯಾಗ ಮುರಿಯೋದು ಬಿಟ್ಟಾಳ, ಯಾಕಂದ್ರ ಯಾವ ಕ್ರೀಮು ತರಬೇಕು ಅನ್ನೋದು ಹುಡುಗೇರು ಆರಿಸಿದ್ದಲ್ಲ. ಲಗ್ನದ ಮನಿಗೆ ಹೋಗಿ ಮದಿಮಗಳನ್ನ ತಯಾರ ಮಾಡೋ ಕೆಲಸಕ್ಕ ಬೆಳಗಿನ ನಾಲ್ಕಕ್ಕ ಏಳಬೇಕು, ಅದಕ್ಕ ಬ್ಯಾರೆ ರೇಟು. ಒಂದು ವಹಿ ಕನ್ನಡಿ ಹತ್ತರ ಇಟ್ಟಾಳ, ದಿನಾ ರಾತ್ರಿ ಹುಡುಗೇರು ತಾವ ಬರದು ಸಹಿ ಹಾಕತಾರ. ಗಿರಾಕಿ ಕೈಯಾಗ ಕೊಡೋ ಟಿಪ್ಪು ಒಂದು ಡಬ್ಬಿಗೆ ಹಾಕಿ ಮೂವರೂ ಹಂಚಿಕೋಬೇಕೋ, ಯಾರಿಗೆ ಕೊಟ್ಟದ್ದು ಅವರಿಗೇನೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಹುಡುಗೇರೊಳಗ ಇಬ್ಬರು ಡಬ್ಬಿ ಅಂತಾರ, ಕೈ ಚಲೋ ಇದ್ದಾಕಿ ಒಲ್ಲೆ ಅಂತಾಳ.